ಅರ್ಥವಿವಾದಗಳಲ್ಲಿ ಸಭ್ಯರೂ ಜೂರಿಗಳೂ

ಸ್ಮೃತಿಗಳ ವ್ಯವಹಾರಾಧ್ಯಾಯಗಳನ್ನು ಇಂಗ್ಲಿಷಿಗೆ ಪರಿವರ್ತಿಸಿದವರು ‘ಸಭ್ಯ’ ಎಂಬ ಪದಕ್ಕೆ ಒಂದೆಡೆ ನ್ಯಾಯಾಧೀಶನೆಂದೂ, ಮತ್ತೊಂದೆಡೆ ಅಸೆಸರ್ ಎಂದೂ, ಇನ್ನೊಂದೆಡೆ ಜೂರಿಯೆಂದೂ ಅರ್ಥಮಾಡಿರುವರು. ಇಂಗ್ಲಿಷ್ ನ್ಯಾಯಗ್ರಂಥಗಳನ್ನು ಕನ್ನಡಕ್ಕೆ ತರುವವರಾದರೋ ‘ಜೂರಿ’ ಎಂಬ ಮಾತು ಬಂದೊಡನೆ ‘ಪಂಚರು’ ಎಂದೋ ‘ಸಭ್ಯರು’ ಎಂದೋ ಬರೆದು ಮುಂದಕ್ಕೆ ಹೋಗುವುದುಂಟು. ಇದು ಕೇವಲ ಪದದ ಗೊಂದಲವಾಗಿದ್ದರೆ ಚಿಂತೆಯಿರಲಿಲ್ಲ. ಈ ಸಡಿಲವಾದ ಸಮೀಕರಣದಿಂದಲೇ ಎರಡು ವಿರುದ್ಧವಾದ ಮತಗಳು ಹುಟ್ಟಿಕೊಂಡಿವೆ. ಜೂರಿಯ ಪದ್ಧತಿ ಇಂಗ್ಲೆಂಡಿನಲ್ಲಿ ಕಣ್ದೆರೆಯುವುದಕ್ಕೆ ಮೊದಲೇ ಭಾರತದಲ್ಲಿ ಪೂರ್ಣವಾಗಿತ್ತೆಂಬುದು ಒಂದು ಮತ. ಸಭ್ಯರೆಂಬುವರು ಅರಸನ ಆಸ್ಥಾನಕ್ಕೆ ಅಲಂಕಾರಮಾತ್ರರು, ನಿರ್ಣಯದಲ್ಲಿ ಅವರಿಗೆ ಸ್ವತಂತ್ರವಾದ ಅಧಿಕಾರವೇ ಇರಲಿಲ್ಲವೆಂಬುದು ಇನ್ನೊಂದು. ಯಾರು ಯಾವುದನ್ನು ನಿರ್ಣಯಿಸುತ್ತಿದ್ದರು, ತಪ್ಪು ನಿರ್ಣಯಕ್ಕೆ ಯಾರು ಹೊಣೆಯಾಗುತ್ತಿದ್ದರು ಎಂಬ ಎರಡು ಪ್ರಶ್ನೆಗಳನ್ನು ಕೇಳದೆ ಈ ಮತಗಳಲ್ಲಿ ಯಾವುದನ್ನೂ ಒಪ್ಪುವಂತಿಲ್ಲ.

ಇಲ್ಲಿಯ ವಿಚಾರವು ಅರ್ಥವಿವಾದಗಳಿಗೆ, ಎಂದರೆ ಇಂದು ಸಿವಿಲ್ ಎನಿಸಿಕೊಳ್ಳುವ ವ್ಯಾಜ್ಯಗಳಿಗೆ, ಸಂಬಂಧಿಸಿದುದು. ಪ್ರಾಚೀನರಿಗೆ ಈ ವಿಭಾಗವೇ ತಿಳಿದಿರಲಿಲ್ಲವೆಂಬ ಮಾತು ಸರಿಯಲ್ಲ. ಹದಿನೆಂಟು ವ್ಯವಹಾರಪದಗಳಲ್ಲಿ ಹದಿನಾಲ್ಕು ಧನಮೂಲವಾದುವು, ನಾಲ್ಕು ಹಿಂಸಾಮೂಲವಾದುವು ಎಂದು ಬೃಹಸ್ಪತಿಯು ಬೇರ್ಪಡಿಸಿ ಹೇಳಿರುವನು. ಋಣಾದಾನ, ನಿಕ್ಷೇಪ, ದಾಯವಿಭಾಗ, ಸೀಮಾವಿವಾದ ಮುಂತಾದುವು ಮೊದಲನೆಯ ವರ್ಗಕ್ಕೆ ಸೇರುವುವು. ಎರಡು ವರ್ಗಗಳಿಗೂ ಸಭೆಯು ಒಂದೇ ಆಗಿದ್ದಿತೆಂಬುದು ನಿಜವಾದರೂ, ಸಭ್ಯರ ಕಾರ್ಯವು ಚೆನ್ನಾಗಿ ಗೋಚರವಾಗುವುದು ಧನಮೂಲವಾದ ವಿವಾದಗಳಲ್ಲಿಯೇ.

ಮೊದಲು ಪದಗಳನ್ನೇ ನೋಡಬೇಕು. ಜೂರಿ ಎಂಬುದು ಲ್ಯಾಟಿನ್ ಭಾಷೆಯ ‘ಆಣೆಯಿಡು’ ಎಂಬರ್ಥದ ಧಾತುವಿನಿಂದ ಬಂದುದು. ಆಣೆಯಿಟ್ಟುದರಿಂದಲೇ ಒಬ್ಬನು ಜೂರಿಯಾಗುವನು. ಅವನ ವಿದ್ಯೆಯ ಮಾತೇ ಅಲ್ಲಿಲ್ಲ. ‘ಸಭ್ಯ’ ಎಂಬುದಾದರೋ ಸಭಾಶಬ್ದದ ಮೇಲೆ, ಅಲ್ಲಿ ಸಾಧುವಾದವನು ಎಂಬರ್ಥದಲ್ಲಿ, ಪಾಣಿನಿಯು ‘ಯ’ ಪ್ರತ್ಯಯವನ್ನು ವಿಧಿಸಿರುವುದರಿಂದ ಸಿದ್ಧವಾದುದು. ಇಲ್ಲಿ ಸಾಧುವೆಂದರೆ ಯೋಗ್ಯನು, ಕುಶಲನು. ಅವನ ಅಧಿಕಾರಕ್ಕೆ ಮೂಲವು ಆಣೆಯಲ್ಲ, ಯೋಗ್ಯತೆ. ಇವೆರಡು ವ್ಯುತ್ಪತ್ತಿಗಳಲ್ಲಿ ತೋರುವ ಭೇದವೇ ಸಂಸ್ಥೆಗಳ ಚರಿತ್ರೆಯಲ್ಲಿಯೂ ಕೊನೆಯವರೆಗೆ ನಿಂತಿದೆ. ಪ್ರಾಡ್ವಿವಾಕ ಎಂಬ ಪದಕ್ಕೆ ವಿಜ್ಞಾನೇಶ್ವರನು ಕೊಡುವ ನಿರುಕ್ತಿಯೂ ಗಮನಿಸತಕ್ಕುದು. ಅರ್ಥಿ ಪ್ರತ್ಯರ್ಥಿಗಳನ್ನು ಪ್ರಶ್ನಿಸುವುದರಿಂದ ಅವನು ‘ಪ್ರಾಟ್’. ಅವರ ಮಾತುಗಳಲ್ಲಿ ವಿರುದ್ಧವಾದುದನ್ನೂ ಅವಿರುದ್ಧವಾದುದನ್ನೂ ಸಭ್ಯರೊಡನೆ ಕೂಡಿ ವಿವೇಚಿಸುವುದರಿಂದ ‘ವಿವಾಕ’. ಸಭ್ಯರೊಡನೆ ಎಂಬುದು ನ್ಯಾಯಾಧೀಶನ ಹೆಸರಿನ ನಿರುಕ್ತಿಯೊಳಗೇ ಸೇರಿರುವಾಗ ಅವರನ್ನು ಅಲಂಕಾರಮಾತ್ರರೆನ್ನುವುದು ಸಾಹಸದ ಮಾತು.

ಯಾಜ್ಞವಲ್ಕ್ಯಸ್ಮೃತಿಯ ವ್ಯವಹಾರಾಧ್ಯಾಯದ ಮೊದಲಿನ ಮೂರು ಶ್ಲೋಕಗಳಲ್ಲಿ ಸಭೆಯ ರಚನೆಯು ಹೇಳಲ್ಪಟ್ಟಿದೆ. ಅರಸನು ಕ್ರೋಧಲೋಭಗಳಿಲ್ಲದವನಾಗಿ ವಿದ್ವಾಂಸರಾದ ಬ್ರಾಹ್ಮಣರೊಡನೆ ಧರ್ಮಶಾಸ್ತ್ರಾನುಸಾರವಾಗಿ ವ್ಯವಹಾರಗಳನ್ನು ನೋಡತಕ್ಕದ್ದು. ಶ್ರುತಾಧ್ಯಯನಸಂಪನ್ನರೂ ಧರ್ಮಜ್ಞರೂ ಸತ್ಯವಾದಿಗಳೂ ಶತ್ರುಮಿತ್ರರಲ್ಲಿ ಸಮರೂ ಆದವರನ್ನು ಸಭಾಸದರನ್ನಾಗಿ ನಿಯಮಿಸತಕ್ಕದ್ದು. ಕಾರ್ಯಾಂತರದಿಂದ ತಾನು ನೋಡಲಾರದೆ ಇದ್ದಾಗ ಸಭ್ಯರೊಡನೆ ಸರ್ವಧರ್ಮಜ್ಞನಾದ ಬ್ರಾಹ್ಮಣನನ್ನು ನಿಯೋಜಿಸತಕ್ಕದ್ದು. ಮೊದಲನೆಯ ಶ್ಲೋಕದ ಬ್ರಾಹ್ಮಣರೂ ಎರಡನೆಯ ಶ್ಲೋಕದ ಸಭಾಸದರೂ ಒಂದೇ ಎಂದು ಸ್ಥೂಲದೃಷ್ಟಿಗೆ ತೋರುವುದು. ವಿಜ್ಞಾನೇಶ್ವರನು ಹಾಗೆ ಒಪ್ಪುವುದಿಲ್ಲ. ಸಭಾಸದರು ನಿಯುಕ್ತರು, ಬ್ರಾಹ್ಮಣರು ಅನಿಯುಕ್ತರು. ನಿಯುಕ್ತರು ಇದ್ದುದನ್ನು ಇದ್ದಂತೆ ಹೇಳಿದರೂ ಸಾಲದು. ಅರಸನು ಅದನ್ನು ಮೀರಿ ಅನ್ಯಥಾ ನಡೆದರೆ ಅವನನ್ನು ತಡೆಯಲೇಬೇಕು, ತಡೆಯದಿದ್ದರೆ ದೋಷವು ಅವರಿಗುಂಟು. ಅನಿಯುಕ್ತರಿಗೆ ಸುಳ್ಳು ಹೇಳಿದರೂ ಹೇಳದೆ ಸುಮ್ಮನಿದ್ದರೂ ದೋಷವುಂಟಲ್ಲದೆ, ಅರಸನನ್ನು ನಿವಾರಿಸದ ದೋಷವಿಲ್ಲ. ರಾಜನ ಅನ್ನವನ್ನುಣ್ಣುವವನಿಗೇ ರಾಜನನ್ನು ತಡೆಯುವ ಹೊರೆಯು ಹೆಚ್ಚೆಂಬ ಈ ಸೂಕ್ಷ್ಮವನ್ನು ಬರೆದವನು ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯನ (೧೦೭೬–೧೧೨೬) ಆಶ್ರಯದಲ್ಲಿದ್ದವನೆಂಬುದನ್ನು ಮರೆಯಲಾಗದು.

ಸಭ್ಯರ ಸಂಖ್ಯೆಯು ಮನುವಿನ ಮತದಲ್ಲಿ ಮೂರು. ಬೃಹಸ್ಪತಿಯ ಮತದಲ್ಲಿ ಏಳು, ಐದು ಅಥವಾ ಮೂರು. ವಿಷಮಸಂಖ್ಯೆಯನ್ನೇ ಹೇಳಿರುವುದನ್ನು ನೋಡಿದರೆ ಮತಭೇದ ಬಂದಾಗ ಬಹುಮತವನ್ನು ಹಿಡಿಯುವ ಉದ್ದೇಶವಿದ್ದಿತೆಂದು ಊಹಿಸುವುದು ಅಯುಕ್ತವಲ್ಲ. ಇಂಗ್ಲೆಂಡಿನ ಹನ್ನೆರಡು ಮಂದಿಯ ಜೂರಿಗಾದರೆ ಬಹುಕಾಲ ಐಕಮತ್ಯವೇ ಬೇಕಾಗಿತ್ತು. ಆದುದರಿಂದ ಅಲ್ಲಿ ಸಮಸಂಖ್ಯೆಯಿಂದ ಬಾಧಕವಿರಲಿಲ್ಲ.

ಈ ಸಭೆಯಲ್ಲಿ ಯಾರು ಏನು ಮಾಡತಕ್ಕದ್ದೆಂಬುದನ್ನು ಬೃಹಸ್ಪತಿಯು ಹಂಚಿಕೊಟ್ಟಿದ್ದಾನೆ. ಅಧ್ಯಕ್ಷನು ತೀರ್ಪನ್ನು ನುಡಿಯುವವನು, ಅರಸನು ಶಾಸನಮಾಡುವವನು, ಸಭ್ಯರು ಕಾರ್ಯವನ್ನು ಪರೀಕ್ಷಿಸುವವರು. ಗಣಕನು ಲೆಕ್ಕವನ್ನು ಮಾಡುವನು, ಲೇಖಕನು ಬರೆಯುವನು. ಕಾರ್ಯಪರೀಕ್ಷೆ ಎಂಬುದೇ ಇಲ್ಲಿ ಮುಖ್ಯವಾದ ಮಾತು. ಇದಕ್ಕೆ ಜೂರಿಯು ಮಾಡುವ ತಥ್ಯನಿರ್ಣಯವೆಂದಷ್ಟೇ ಅರ್ಥವೆಂದು ಹೇಳುವವರುಂಟು. ಮಿತಾಕ್ಷರೆಯಲ್ಲಿ ವ್ಯವಹಾರವು ನಡೆಯುವ ಕ್ರಮವನ್ನು ನೋಡಿದರೆ ಅದು ಸಾಲದೆಂದು ತಿಳಿಯುವುದು. ಭಾಷೆ, ಉತ್ತರ, ಕ್ರಿಯೆ, ಸಾಧ್ಯಸಿದ್ಧಿ ಎಂದು ವ್ಯವಹಾರಕ್ಕೆ ನಾಲ್ಕು ಪಾದಗಳು. ಅರ್ಥಿಯು ಭಾಷೆಯನ್ನು ಬರೆಯಿಸಿ ಪ್ರತ್ಯರ್ಥಿಯು ಉತ್ತರವನ್ನು ಕೊಟ್ಟ ಮೇಲೆ, ಸಾಧಿಸಬೇಕಾದ ಭಾರವು ಯಾರದೆಂಬುದನ್ನು ಸಭ್ಯರು ವಿಮರ್ಶಿಸಬೇಕು. ಇದಕ್ಕೆ ಪ್ರತ್ಯಾಕಲಿತವೆಂದು ಹೆಸರು. ಇದು ಐದನೆಯ ಪಾದವೇಕಾಗಬಾರದೆಂದರೆ, ವಾದಿಪ್ರತಿವಾದಿಗಳಿಗೆ ಇದರಲ್ಲಿ ಸಂಬಂಧವಿಲ್ಲದುದರಿಂದ ಎಂದು ವಿಜ್ಞಾನೇಶ್ವರನ ಸಮಾಧಾನ. ಸಾಲವನ್ನೇ ಪಡೆಯಲಿಲ್ಲವೆಂಬ ಮಿಥ್ಯೋತ್ತರದಲ್ಲಿ ಭಾರವು ಅರ್ಥಿಯದು. ಪಡೆದೆನು, ಆದರೆ ತೀರಿಸಿದೆನು ಎಂಬ ಕಾರಣೋತ್ತರದಲ್ಲಿ ಪ್ರತ್ಯರ್ಥಿಯದು. ಇಂಗ್ಲೆಂಡಿನಲ್ಲಿ ಈ ವಿಮರ್ಶೆಯು ಜಡ್ಜಿಯದೇ ಹೊರತು ಜೂರಿಯದಲ್ಲ. ಅದನ್ನು ಶಾಸ್ತ್ರವಿಚಾರವೆಂದೇ ಅಲ್ಲಿಯವರು ಎಣಿಸುವರು. ಆದುದರಿಂದ ಸಭ್ಯನು ತಥ್ಯವನ್ನೂ ನೋಡುತ್ತಿದ್ದನು, ಶಾಸ್ತ್ರವನ್ನೂ ನೋಡುತ್ತಿದ್ದನು. ಎರಡನ್ನೂ ನೋಡಬೇಕಾಗಿದ್ದುದರಿಂದಲೇ ಅವನಲ್ಲಿ ಶ್ರುತಾಧ್ಯಯನಗಳನ್ನು ಸ್ಮೃತಿಕಾರರು ಬಯಸಿದರು.

ಪ್ರಾಙ್ನ್ಯಾಯವೆಂಬ ಉತ್ತರದಲ್ಲಿ ಮಾತ್ರ ಒಂದು ವಿಶೇಷವುಂಟು. ಇದೇ ವಿವಾದದಲ್ಲಿ ಹಿಂದೆ ಇವನು ನನಗೆ ಸೋತಿರುವನು ಎಂದು ಪ್ರತ್ಯರ್ಥಿಯು ಹೇಳಿದರೆ, ಅದನ್ನು ಜಯಪತ್ರದಿಂದಾಗಲಿ, ಆ ಹಿಂದಿನ ನ್ಯಾಯವನ್ನು ನೋಡಿದವರಿಂದಾಗಲಿ ಸ್ಥಾಪಿಸಬೇಕು. ಅಂದು ಪರೀಕ್ಷಕರಾಗಿದ್ದವರು ಇಂದು ಸಾಕ್ಷಿಗಳಾಗಿ ನಿಲ್ಲುವರು. ಪರೀಕ್ಷಕನೂ ಸಾಕ್ಷಿಯೂ ಒಬ್ಬನೇ ಆಗುವ ಈ ಸಂಧಿಯು ಇಂಗ್ಲೆಂಡಿನ ಜೂರಿಯ ಬಾಲ್ಯವನ್ನು ತಿಳಿಯುವುದಕ್ಕೆ ಉಪಯುಕ್ತವಾದುದು.

ಅಲ್ಲಿ ಆರಂಭದಲ್ಲಿ ಜೂರಿಯೆಂದರೆ ಸಾಕ್ಷ್ಯವನ್ನು ಕೇಳಿ ನಿರ್ಣಯಿಸುವವನಲ್ಲ, ವಿಷಯವನ್ನು ಮೊದಲೇ ಬಲ್ಲ ನೆರೆಯವನು. ಕಲ್ಯಾಣದಲ್ಲಿ ಮಿತಾಕ್ಷರೆ ಹುಟ್ಟಿ ಒಂದೆರಡು ತಲೆಮಾರುಗಳು ಕಳೆಯುವುದರೊಳಗೆ, ಎರಡನೆಯ ಹೆನ್ರಿಯ ಆಳ್ವಿಕೆಯಲ್ಲಿ, ಸುಮಾರು ೧೧೬೬ರಿಂದ ಭೂಮಿಯ ಅನುಭೋಗಕ್ಕೆ ಸಂಬಂಧಿಸಿದ ವ್ಯಾಜ್ಯಗಳಲ್ಲಿ ಹನ್ನೆರಡು ಮಂದಿ ನೆರೆಯವರನ್ನು ಕರೆಯಿಸಿ, ಇವನನ್ನು ಅನ್ಯಾಯವಾಗಿ ಹೊಲದಿಂದ ಹೊರಡಿಸಿದರೇ ಇಲ್ಲವೇ ಎಂದು ಆಣೆಯ ಮೇಲೆ ಕೇಳುವ ಪದ್ಧತಿ ಬಂದಿತು. ೧೧೭೯ರ ಗ್ರ್ಯಾಂಡ್ ಅಸೈಜಿನಲ್ಲಿ ಭೂಸ್ವಾಮ್ಯದ ವಿವಾದವನ್ನು ದ್ವಂದ್ವಯುದ್ಧದಿಂದ ತೀರಿಸಿಕೊಳ್ಳುವುದಕ್ಕೆ ಬದಲಾಗಿ ಹನ್ನೆರಡು ಮಂದಿ ನೈಟರ ಮಾತಿಗೆ ಬಿಡುವ ಅವಕಾಶವು ಪ್ರತಿವಾದಿಗೆ ದೊರೆಯಿತು. ಜೂರಿಯ ಹೆಸರನ್ನು ಕೇಳಿದೊಡನೆ ಕೊಲೆಯ ಮೊಕದ್ದಮೆಯನ್ನು ನೆನೆಯುವವರು ಅದರ ತೊಟ್ಟಿಲು ಹೊಲಗದ್ದೆಗಳ ವ್ಯಾಜ್ಯವೆಂಬುದನ್ನು ತಿಳಿಯಬೇಕು. ಯಾಜ್ಞವಲ್ಕ್ಯನಾದರೋ ಲಿಖಿತ, ಭುಕ್ತಿ, ಸಾಕ್ಷಿ ಎಂಬ ಮೂರರಲ್ಲಿ ಒಂದಾದರೂ ಇರುವಲ್ಲಿ ದಿವ್ಯಕ್ಕೆ ಎಡೆಯಿಲ್ಲವೆಂದು ಬಹಳ ಹಿಂದೆಯೇ ವಿಧಿಸಿದ್ದನು. ಮಾನುಷಪ್ರಮಾಣವು ದೈವಪ್ರಮಾಣವನ್ನು ಹಿಂದೆ ಸರಿಸುವ ಕಾರ್ಯವು ಎರಡು ದೇಶಗಳಲ್ಲಿಯೂ ಧನಮೂಲವಾದ ವಿವಾದಗಳಲ್ಲಿ ಬೇಗನೆ ನಡೆಯಿತು.

ಮಾನುಷಪ್ರಮಾಣವನ್ನು ಬಿಟ್ಟು ಅದ್ಭುತವನ್ನು ನೆಚ್ಚಿದರೆ ಏನಾಗುವುದೆಂಬುದಕ್ಕೆ ಕನ್ನಡದಲ್ಲಿಯೇ ಒಂದು ಕಥೆಯುಂಟು. ದುರ್ಗಸಿಂಹನ ಪಂಚತಂತ್ರದ ವೃಕ್ಷಸಾಕ್ಷಿಯ ಕಥೆಯನ್ನು ಸಾಹಿತ್ಯಾಧ್ಯಾಪಕರು ಅನೇಕ ಸಲ ಪಾಠಹೇಳಿರುವರು. ಅದನ್ನು ವ್ಯವಹಾರದೃಷ್ಟಿಯಿಂದ ಓದಿದವರು ವಿರಳ. ಧರ್ಮಬುದ್ಧಿ ದುಷ್ಟಬುದ್ಧಿಗಳೆಂಬ ವರ್ತಕರು ಕೂಡಿ ಗಳಿಸಿದ ಹೊನ್ನನ್ನು ಮರದ ಬುಡದಲ್ಲಿ ಹೂಳಿಟ್ಟರು. ದುಷ್ಟಬುದ್ಧಿಯು ಅದನ್ನು ಕದ್ದು, ಕಳವಿನ ಆರೋಪವನ್ನು ಗೆಳೆಯನ ಮೇಲೆ ಹೊರಿಸಿ ಧರ್ಮಾಧಿಕರಣರ ಮುಂದೆ ಹೋದನು. ಇದು ಶುದ್ಧವಾದ ಧನಮೂಲವಿವಾದ. ಧರ್ಮಾಧಿಕರಣರು ಒಬ್ಬರಲ್ಲ, ಹಲವರು. ಅವರು ಕ್ರಮವರಿತವರಂತೆ ಸಾಕ್ಷಿಯನ್ನು ಕೇಳುವರು. ಆಲದ ಮರವೇ ಸಾಕ್ಷಿಯೆಂದಾಗ ಅಚ್ಚರಿಗೊಂಡರೂ ಮರದೆಡೆಗೆ ನಡೆಯುವರು. ಪೊಟರೆಯಲ್ಲಿ ಅಡಗಿದ್ದ ತಂದೆಯ ದನಿಯನ್ನು ಮರದ ದನಿಯೆಂದು ಎಲ್ಲರೂ ಬೆರಗಾಗುವರು. ಮರವನ್ನು ಸುತ್ತಿನೋಡಿ, ಮನುಷ್ಯರು ಹತ್ತಿದ ಜಾಡನ್ನು ಗುರುತಿಸಿ, ಪೊಟರೆಗೆ ಹೊಗೆಯಿಕ್ಕಿ ನಿಜವನ್ನು ಹೊರಕ್ಕೆ ತೆಗೆಯುವವನು ಪ್ರತಿವಾದಿಯಾದ ಧರ್ಮಬುದ್ಧಿ. ಕಾರ್ಯಪರೀಕ್ಷೆಯು ಸಭೆಯ ಧರ್ಮವಾಗಿದ್ದರೂ ಅದನ್ನು ಮಾಡಿದವನು ವ್ಯಾಜ್ಯಗಾರನೇ. ೧೦೩೧ರ ಸುಮಾರಿನಲ್ಲಿ, ಚಾಲುಕ್ಯ ಜಯಸಿಂಹನ ಸಂಧಿವಿಗ್ರಹಿಯಾಗಿ ರಾಜಕಾರ್ಯಗಳ ಒಳಹೊರಗನ್ನು ಬಲ್ಲವನಾಗಿದ್ದ ಕವಿಯು ಇದನ್ನು ಬರೆದನೆಂಬುದರಿಂದ, ಇಲ್ಲಿ ನಗೆಯೊಡನೆ ಸ್ವಲ್ಪ ಕಹಿಯೂ ಬೆರೆತಿದೆಯೆಂದು ತೋರುವುದು.

ಇನ್ನು ಹೊಣೆಯ ವಿಚಾರ. ಸಭ್ಯರೂ ಜೂರಿಗಳೂ ಅತ್ಯಂತ ಸಮೀಪಕ್ಕೆ ಬರುವುದೂ, ಕೊನೆಗೆ ಬೇರೆಯಾಗುವುದೂ ಇಲ್ಲಿಯೇ. ರಾಗದಿಂದಲೋ ಲೋಭದಿಂದಲೋ ಭಯದಿಂದಲೋ ಸ್ಮೃತಿವಿರುದ್ಧವಾಗಿ ನಡೆದ ಸಭ್ಯರಲ್ಲಿ ಒಬ್ಬೊಬ್ಬನಿಗೂ ಬೇರೆಬೇರೆಯಾಗಿ ವಿವಾದದ ಇಮ್ಮಡಿ ದಂಡವನ್ನು ಯಾಜ್ಞವಲ್ಕ್ಯನು ವಿಧಿಸುವನು. ಇಮ್ಮಡಿಯೆಂದರೆ ಯಾವುದರ ಇಮ್ಮಡಿ? ವಿವಾದಕ್ಕೆ ವಿಷಯವಾದ ದ್ರವ್ಯದ್ದಲ್ಲ, ಸೋತವನು ತೆರಬೇಕಾದ ದಂಡದ ಇಮ್ಮಡಿಯೆಂದು ಮಿತಾಕ್ಷರೆಯ ವ್ಯಾಖ್ಯಾನ. ದ್ರವ್ಯವೆಂದರೆ, ದ್ರವ್ಯವೇ ಇಲ್ಲದ ಸ್ತ್ರೀಸಂಗ್ರಹಣಾದಿ ವಿವಾದಗಳಲ್ಲಿ ದಂಡವೇ ಇಲ್ಲದಂತಾಗುವುದೆಂದು ಯುಕ್ತಿ. ಇದಕ್ಕಿಂತಲೂ ಹೆಚ್ಚು ಬೆಲೆಯುಳ್ಳ ಮಾತು ಮುಂದಿನದು. ರಾಗಲೋಭಭಯಗಳನ್ನು ಹೆಸರಿಟ್ಟು ಹೇಳಿರುವುದು ನಿಯಮಾರ್ಥವಾಗಿ. ಅಜ್ಞಾನಮೋಹಾದಿಗಳಿಂದ ತಪ್ಪಿದವನಿಗೆ ಈ ಇಮ್ಮಡಿ ದಂಡವಿಲ್ಲ. ಎಂದರೆ ತಪ್ಪಿಗೂ ದ್ರೋಹಕ್ಕೂ ಇರುವ ಅಂತರವನ್ನು ವಿಜ್ಞಾನೇಶ್ವರನು ಸ್ಮೃತಿಯ ಮೂರೇ ಪದಗಳಿಂದ ಎತ್ತಿ ತೋರಿಸಿದನು. ಅದೇ ಅಧ್ಯಾಯದ ಕೊನೆಯಲ್ಲಿ ದುರ್ದೃಷ್ಟವಾದ ವ್ಯವಹಾರವನ್ನು ಅರಸನು ಮರಳಿ ನೋಡಿ, ಗೆದ್ದವನನ್ನೂ ಸಭ್ಯರನ್ನೂ ದಂಡಿಸತಕ್ಕದ್ದೆಂದಿದೆ. ಅಲ್ಲಿಯೂ ವ್ಯಾಖ್ಯಾನಕಾರನು ವಿವೇಚನೆಯನ್ನು ಬಿಡುವುದಿಲ್ಲ: ಸಾಕ್ಷಿಗಳ ದೋಷದಿಂದ ನ್ಯಾಯವು ಕೆಟ್ಟಿದ್ದರೆ ಸಾಕ್ಷಿಗಳೇ ದಂಡಾರ್ಹರು, ಸಭ್ಯರಲ್ಲ, ಅರಸನ ಅನುಮತಿಯಿಂದ ಕೆಟ್ಟಿದ್ದರೆ ಅರಸನೂ ಸೇರಿ ಎಲ್ಲರೂ ದಂಡಾರ್ಹರು. ಅಧರ್ಮದ ಪಾಪವನ್ನು ಕರ್ತೃ, ಸಾಕ್ಷಿ, ಸಭಾಸದರು, ಅರಸ ಎಂಬ ನಾಲ್ವರಿಗೆ ಕಾಲುಕಾಲಾಗಿ ಮನುವು ಹಂಚಿದ್ದನಷ್ಟೆ. ಮಿತಾಕ್ಷರೆಯು ಆ ಪಾಪದ ಲೆಕ್ಕವನ್ನು ದಂಡದ ಲೆಕ್ಕಕ್ಕೆ ತಂದಿತು.

ಇಂಗ್ಲೆಂಡಿನಲ್ಲಿಯೂ ಸಿವಿಲ್ ವ್ಯಾಜ್ಯದ ಜೂರಿಗಳನ್ನು ದಂಡಿಸುವ ಅಟೇಂಟ್ ಎಂಬ ವಿಧಿಯಿತ್ತು. ಹನ್ನೆರಡು ಮಂದಿಯ ತೀರ್ಪು ಸುಳ್ಳೆಂದು ಸೋತವನು ದೂರಿದರೆ ಇಪ್ಪತ್ತುನಾಲ್ಕು ಮಂದಿಯ ಮತ್ತೊಂದು ಜೂರಿಯು ಅದನ್ನು ಮರಳಿ ನೋಡುವುದು; ಸುಳ್ಳೆಂದು ಸ್ಥಾಪಿತವಾದರೆ ಮೊದಲಿನ ಹನ್ನೆರಡು ಮಂದಿಗೆ ಸೆರೆ, ಸ್ವತ್ತಿನ ಹರಣ, ಮುಂದೆ ಎಲ್ಲಿಯೂ ಅವರ ಆಣೆಗೆ ಬೆಲೆಯಿಲ್ಲವೆಂಬ ಅಪಕೀರ್ತಿ. ನೆರೆಯವನು ತಾನು ಬಲ್ಲುದನ್ನು ಹೇಳುತ್ತಿದ್ದ ಕಾಲಕ್ಕೆ ಇದು ಹೊಂದುತ್ತಿದ್ದಿತು. ಬಲ್ಲವನು ಅನ್ಯಥಾ ನುಡಿದರೆ ಅದು ಸುಳ್ಳಾಣೆಯೇ. ಆದರೆ ಕಾಲಕ್ರಮದಲ್ಲಿ ಜೂರಿಯು ಬಲ್ಲವನಾಗಿರುವುದನ್ನು ಬಿಟ್ಟು, ಇತರರ ಸಾಕ್ಷ್ಯವನ್ನು ಕೇಳಿ ತೂಗುವವನಾದನು. ತೂಕದಲ್ಲಿ ತಪ್ಪುವುದು ಸುಳ್ಳಾಣೆಯಲ್ಲ. ಅಟೇಂಟಿನಲ್ಲಿ ರಾಗಲೋಭಭಯಗಳೆಂಬ ವಿಶೇಷಣವಿಲ್ಲದೆ ಇದ್ದುದರಿಂದ, ಮಾರ್ಪಟ್ಟ ಸ್ಥಿತಿಯಲ್ಲಿ ಆ ವಿಧಿಯು ಕ್ರೂರವಾಗಿ ತೋರಿ, ಬಳಕೆಯಲ್ಲಿ ನಶಿಸಿ, ೧೮೨೫ರಲ್ಲಿ ಶಾಸನದಿಂದ ರದ್ದಾಯಿತು. ಅದಕ್ಕೆ ಬಹಳ ಮೊದಲೇ, ೧೬೫೫ರ ವುಡ್ ಮತ್ತು ಗನ್‌ಸ್ಟನ್ ಎಂಬವರ ವ್ಯಾಜ್ಯದಿಂದ ಮೊದಲ್ಗೊಂಡು, ಜೂರಿಯನ್ನು ದಂಡಿಸದೆ ತೀರ್ಪನ್ನು ಮಾತ್ರ ತೆಗೆದುಹಾಕಿ ಹೊಸ ವಿಚಾರಣೆಯನ್ನು ಕೊಡುವ ದಾರಿಯು ತೋರಿದ್ದಿತು. ೧೬೭೦ರ ಬುಶೆಲನ ಪ್ರಕರಣವು ಅಪರಾಧವಿಚಾರಣೆಯೊಂದರಿಂದ ಹುಟ್ಟಿದುದಾದರೂ, ಜಡ್ಜಿಯ ಇಷ್ಟಕ್ಕೆ ವಿರುದ್ಧವಾಗಿ ತೀರ್ಪು ಕೊಟ್ಟ ಜೂರಿಗೆ ಜುಲ್ಮಾನೆ ಹಾಕಕೂಡದೆಂದು ಮುಖ್ಯನ್ಯಾಯಾಧೀಶ ವಾನ್ ಅಲ್ಲಿ ಮಾಡಿದ ನಿರ್ಣಯವು ಮುಂದೆ ಸರ್ವತ್ರ ಆಧಾರವಾಯಿತು.

ಎರಡು ಸಂಪ್ರದಾಯಗಳೂ ಒಂದೇ ತೊಡಕನ್ನು ಎದುರಿಸಿ ಬೇರೆಬೇರೆ ಬಿಡಿಕೆಗಳನ್ನು ಕಂಡವೆಂದು ಹೇಳಬಹುದು. ಮಿತಾಕ್ಷರೆಯು ಹೊಣೆಯನ್ನು ಉಳಿಸಿಕೊಂಡು ಅಪರಾಧವನ್ನು ಮನೋದೋಷಕ್ಕೆ ಸೀಮಿತಗೊಳಿಸಿತು. ಇಂಗ್ಲೆಂಡು ಹೊಣೆಯನ್ನೇ ತೆಗೆದು, ಅದಕ್ಕೆ ಪ್ರತಿಯಾಗಿ ಜೂರಿಯ ಅಧಿಕಾರವನ್ನು ತಥ್ಯಮಾತ್ರಕ್ಕೆ ಸೀಮಿತಗೊಳಿಸಿತು. ಕಾರಣವನ್ನು ಹೇಳದೆ ಬರಿಯ ತೀರ್ಪನ್ನು ನುಡಿಯುವ ಜೂರಿಯ ಸ್ವಾತಂತ್ರ್ಯಕ್ಕೂ ಈ ಹೊಣೆಯಿಲ್ಲದಿರುವಿಕೆಗೂ ನಿಕಟವಾದ ಸಂಬಂಧವುಂಟು. ಸಭ್ಯನಿಗೆ ಅಂತಹ ಮೌನವು ಸಲ್ಲದು. ಸಭೆಯನ್ನು ಹೊಗದಿರಬೇಕು, ಹೊಕ್ಕರೆ ಸರಿಯಾದುದನ್ನು ನುಡಿಯಲೇಬೇಕೆಂಬುದು ಮನುವಿನ ಕಟ್ಟಳೆ.

ಹಾಗಾದರೆ ಶಾಸ್ತ್ರವನ್ನೋದದ ಲೋಕದ ಜನರಿಗೆ ಪ್ರಾಚೀನ ಸಭೆಯಲ್ಲಿ ಎಡೆಯೇ ಇರಲಿಲ್ಲವೇ? ಇದ್ದಿತು. ಕುಲ, ಶೀಲ, ವಯಸ್ಸು, ನಡತೆ, ವಿತ್ತ ಇವುಗಳುಳ್ಳ ಮತ್ಸರವಿಲ್ಲದ ಕೆಲವರು ವಣಿಜರೂ ಸಭೆಯಲ್ಲಿ ಕುಳಿತಿರಬೇಕೆಂದು ಕಾತ್ಯಾಯನನ ವಚನ. ಅದನ್ನು ವಿಜ್ಞಾನೇಶ್ವರನು ಎತ್ತಿಕೊಂಡು, ಇದು ಜನರ ರಂಜನಾರ್ಥವಾಗಿ ಎನ್ನುವನು. ರಂಜನವೆಂದರೆ ವಿನೋದವಲ್ಲ, ಜನಕ್ಕೆ ಒಪ್ಪಿಗೆಯನ್ನೂ ನಂಬುಗೆಯನ್ನೂ ಉಂಟುಮಾಡುವುದು. ಮೃಚ್ಛಕಟಿಕದ ಒಂಬತ್ತನೆಯ ಅಂಕದಲ್ಲಿ ಅಧಿಕರಣಿಕನ ಬಳಿಯಲ್ಲಿ ಶ್ರೇಷ್ಠಿಯೂ ಕಾಯಸ್ಥನೂ ಕುಳಿತಿರುವರು. ಅದು ಕೊಲೆಯ ವಿಚಾರಣೆ. ಆದರೂ ಆ ಶ್ರೇಷ್ಠಿಯು ಕವಿಕಲ್ಪನೆಯಲ್ಲವೆಂಬುದಕ್ಕೆ ದಾಮೋದರಪುರದ ತಾಮ್ರಪಟಗಳು ಸಾಕ್ಷಿಯಾಗಿವೆ. ಗುಪ್ತರ ಕಾಲದ ಆ ಶಾಸನಗಳಲ್ಲಿ ಕೋಟಿವರ್ಷವಿಷಯದ ಅಧಿಕರಣದಲ್ಲಿ ನಗರಶ್ರೇಷ್ಠಿ, ಸಾರ್ಥವಾಹ, ಪ್ರಥಮಕುಲಿಕ, ಪ್ರಥಮಕಾಯಸ್ಥ ಎಂಬವರು ಕುಳಿತು ಭೂಮಿಯ ಕ್ರಯವನ್ನು ನಡೆಸಿರುವರು. ಇಷ್ಟಲ್ಲದೆ ರಾಜಸಭೆಗೆ ಬರುವ ಮುನ್ನವೇ ಕುಲ, ಶ್ರೇಣಿ, ಪೂಗ ಎಂಬ ಮೆಟ್ಟಿಲುಗಳಿದ್ದವು. ತಾಂಬೂಲವನ್ನು ಮಾರುವವರು, ನೇಕಾರರು, ಚರ್ಮಕಾರರು ಮುಂತಾಗಿ ಒಂದೇ ಕಸುಬಿನಿಂದ ಜೀವಿಸುವವರ ಸಂಘವೇ ಶ್ರೇಣಿ; ಒಂದೂರಿನಲ್ಲಿ ವಾಸಿಸುವ ನಾನಾ ಜಾತಿಯ ನಾನಾ ವೃತ್ತಿಯವರ ಸಮೂಹವೇ ಪೂಗ. ಜೂರಿಗೆ ನಿಜವಾದ ಸಾದೃಶ್ಯವನ್ನು ಅರಸುವವರು ರಾಜಸಭೆಯ ಸಭ್ಯರನ್ನು ಬಿಟ್ಟು ಈ ಪೂಗಶ್ರೇಣಿಗಳ ಕಡೆಗೆ ನೋಡುವುದು ಮೇಲು. ಹದಿನೆಂಟನೆಯ ಶತಮಾನದ ಲಂಡನ್ನಿನಲ್ಲಿ, ೧೭೫೬ರಿಂದ ೧೭೮೮ರವರೆಗೆ ಮುಖ್ಯನ್ಯಾಯಾಧೀಶನಾಗಿದ್ದ ಲಾರ್ಡ್ ಮ್ಯಾನ್ಸ್‌ಫೀಲ್ಡನು ವರ್ತಕರಿಂದಲೇ ಕೂಡಿದ ವಿಶೇಷಜೂರಿಗಳನ್ನು ಕೂಡಿಸಿ, ಹುಂಡಿ ವಿಮೆಗಳ ವ್ಯವಹಾರದಲ್ಲಿ ಅವರ ಆಚಾರವೇನೆಂದು ಕೇಳಿ ತಿಳಿದು, ಅದನ್ನೇ ನ್ಯಾಯವಾಗಿ ನೆಲೆಗೊಳಿಸಿದನು. ಕಾತ್ಯಾಯನನ ವಣಿಜರಿಗೆ ಇಂಗ್ಲೆಂಡಿನಲ್ಲಿ ದೊರೆತ ಅತಿ ಹತ್ತಿರದ ಬಂಧುಗಳು ಇವರೇ.

ಸಿವಿಲ್ ಜೂರಿಯ ಮುಂದಿನ ಚರಿತ್ರೆಯು ಹುಟ್ಟಿದ ನಾಡಿನಲ್ಲಿ ಇಳಿಮುಖವಾದುದು. ೧೮೫೪ರ ಶಾಸನವು ಉಭಯರೂ ಒಪ್ಪಿದರೆ ಜೂರಿಯಿಲ್ಲದೆ ವಿಚಾರಣೆಯಾಗಬಹುದೆಂದಿತು. ೧೯೩೩ರದು ಮೋಸ, ಮಾನಹಾನಿ, ಅನ್ಯಾಯದ ಬಂಧನ ಮುಂತಾದ ಕೆಲವು ವಿವಾದಗಳನ್ನುಳಿದು ಬೇರೆಡೆಗಳಲ್ಲಿ ಜೂರಿಯನ್ನು ಜಡ್ಜಿಯ ವಿವೇಚನೆಗೆ ಬಿಟ್ಟಿತು. ೨೦೧೩ರ ಶಾಸನದಿಂದ ಮಾನಹಾನಿಯ ವಿವಾದದಲ್ಲಿಯೂ ಆ ಹಕ್ಕು ಹೋಯಿತು. ಅಮೆರಿಕದಲ್ಲಾದರೆ ೧೭೯೧ರ ಏಳನೆಯ ತಿದ್ದುಪಡಿಯು ಇಪ್ಪತ್ತು ಡಾಲರಿಗೆ ಮೀರಿದ ವ್ಯಾಜ್ಯಗಳಲ್ಲಿ ಜೂರಿಯ ಹಕ್ಕನ್ನು ರಾಜ್ಯಾಂಗದಲ್ಲಿಯೇ ನೆಟ್ಟುದರಿಂದ ಅದು ಅಲ್ಲಿ ಕದಲದೆ ನಿಂತಿದೆ.

ಭಾರತದಲ್ಲಿ ಬ್ರಿಟಿಷರ ಕಾಲದ ಒಂದು ಪ್ರಯತ್ನಕ್ಕೆ ಕನ್ನಡನಾಡಿನ ಸಂಬಂಧವುಂಟು. ಕೆನರಾದಲ್ಲಿಯೂ, ಅನಂತರ ೧೮೦೦ರಿಂದ ೧೮೦೭ರವರೆಗೆ ಬಳ್ಳಾರಿ ಮುಂತಾದ ದತ್ತಮಂಡಲಗಳಲ್ಲಿಯೂ ಕಲೆಕ್ಟರನಾಗಿದ್ದ ಥಾಮಸ್ ಮನ್ರೋ ಹಳ್ಳಿಗಳ ಪಂಚಾಯತಿಗಳನ್ನು ಕಣ್ಣಾರೆ ಕಂಡವನು. ಅವನ ಪ್ರೇರಣೆಯಿಂದ ೧೮೧೬ರಲ್ಲಿ ಮದರಾಸು ಸರಕಾರವು ಮಾಡಿದ ರೆಗ್ಯುಲೇಷನ್ನುಗಳಲ್ಲಿ, ಉಭಯವಾದಿಗಳ ಸಮ್ಮತಿಯಿದ್ದರೆ ಸಿವಿಲ್ ವ್ಯಾಜ್ಯಗಳನ್ನು ಪಂಚಾಯತಿಗಳಿಗೆ ಒಪ್ಪಿಸುವ ಏರ್ಪಾಡು ಸೇರಿದ್ದಿತು. ಅದು ಬೇರೂರಲಿಲ್ಲ. ಸಾಲವನ್ನು ಕೊಡದೆ ಕಾಲಹರಣ ಮಾಡಬಯಸುವ ಪ್ರತಿವಾದಿಯು ತನ್ನ ಲೆಕ್ಕವನ್ನೆಲ್ಲ ಬಲ್ಲ ಊರವರ ಮುಂದೆ ನಿಲ್ಲುವುದಕ್ಕೆ ತಾನಾಗಿ ಸಮ್ಮತಿಸುವನೇ? ಪೂಗಶ್ರೇಣಿಗಳಿಗೆ ಪ್ರತಿವಾದಿಯ ಅನುಮತಿಯನ್ನು ಸ್ಮೃತಿಕಾರರು ಕೇಳಿರಲಿಲ್ಲ.

ಸ್ವತಂತ್ರಭಾರತದಲ್ಲಿ ೧೯೭೩ರ ದಂಡಪ್ರಕ್ರಿಯಾಸಂಹಿತೆಯು ಅಪರಾಧವಿಚಾರಣೆಯಲ್ಲಿ ಜೂರಿಗೆ ಎಡೆಗೊಡಲಿಲ್ಲ. ಆದರೆ ಸಿವಿಲ್ ಸ್ವರೂಪದ ಒಂದು ವ್ಯವಹಾರದಲ್ಲಿ ಜೂರಿಯನ್ನು ಹೋಲುವ ಸಂಸ್ಥೆಯೊಂದಕ್ಕೆ ಶಾಸನವು ಅವಕಾಶವನ್ನಿತ್ತಿದೆ. ಪಾರ್ಸಿಗಳ ವಿವಾಹವಿಚ್ಛೇದಗಳಿಗಾಗಿ ೧೮೬೫ರಲ್ಲಿ ಹುಟ್ಟಿ ೧೯೩೬ರಲ್ಲಿ ನವೀಕೃತವಾದ ಅಧಿನಿಯಮದಂತೆ, ಆ ಜನಾಂಗದವರಿಂದಲೇ ಆರಿಸಿದ ಡೆಲಿಗೇಟರು ನ್ಯಾಯಾಧೀಶನಿಗೆ ಸಹಾಯಕರಾಗಿ ಕುಳಿತುಕೊಳ್ಳುವರು. ೧೯೮೮ರ ತಿದ್ದುಪಡಿಯಿಂದ ಅವರ ಸಂಖ್ಯೆ ಐದಾಯಿತು. ಶಾಸ್ತ್ರವಿಚಾರವು ನ್ಯಾಯಾಧೀಶನದು, ತಥ್ಯನಿರ್ಣಯವು ಡೆಲಿಗೇಟರ ಬಹುಮತದ್ದು. ಕಾರ್ಯವನ್ನು ನೋಡಿದರೆ ಅವರು ಜೂರಿಗಳು. ಬೃಹಸ್ಪತಿಯ ವಿಷಮಸಂಖ್ಯೆಯನ್ನೂ ಬಹುಮತವನ್ನೂ ನೋಡಿದರೆ ಸಭ್ಯರ ನೆರಳು. ತಮ್ಮ ಕುಲದವರ ವಿವಾದವನ್ನು ತಾವೇ ನೋಡುವುದರಿಂದ ಯಾಜ್ಞವಲ್ಕ್ಯನು ಹೇಳುವ ಕುಲಕ್ಕೂ ಅವರು ಹತ್ತಿರದವರು. ಅವರನ್ನು ಕನ್ನಡದಲ್ಲಿ ಹೆಸರಿಸಬೇಕಾದವರು ಸಭ್ಯಶಬ್ದವನ್ನು ಸ್ಮೃತಿಗಳ ಸಭೆಗೇ ಬಿಟ್ಟು, ಪ್ರತಿನಿಧಿಗಳೆಂದು ಬರೆಯುವುದು ಲೇಸು.